ಒಂದು ಮಾತು ಕೇಳಿದ್ದರೆ ಸಾಕಿತ್ತು

ಊರಿಂದ ಈಗಷ್ಟೇ ತುಮಕೂರಿಗೆ ವಾಪಸ್ ಬಂದೆ. ಬಸ್ ಹತ್ತಿದಾಗಿನಿಂದ ಹೊಟ್ಟೆ ಉರಿಯುತ್ತಿದೆ. ಇದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ನಿಮಗೆಲ್ಲ ಗೊತ್ತಲ್ವಾ, ನಾನು ಓದಿದ್ದು ಮಧುಗಿರಿ ತಾಲ್ಲೂಕಿನ ನಮ್ಮೂರ ಸರ್ಕಾರಿ ಹೈಸ್ಕೂಲಿನಲ್ಲಿ. ಖೋ-ಖೋ ಕಲಿತದ್ದೂ ಅಲ್ಲೇ. ಈಗ ಅಕ್ಕನ ಮಗಳು ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಮುಂದಿನ ತಿಂಗಳು ಹೋಬಳಿ ಮಟ್ಟದ ಕ್ರೀಡಾಕೂಟ. ಅದಕ್ಕೆ ಅವಳೂ ಅವಳ ಜೊತೆಯ ಹುಡುಗಿಯರೂ ಎರಡು ವಾರದಿಂದ ಸಂಜೆ ಸಂಜೆ ಅಂಕಣ ಸರಿಮಾಡುತ್ತಿದ್ದರು. ಕಲ್ಲು ಆರಿಸಿದರು. ಬೋರ್‌ವೆಲ್‌ನಿಂದ ಬಿಂದಿಗೆಯಲ್ಲಿ ನೀರು ಹೊತ್ತು ಮಣ್ಣು ನೆನೆಸಿದರು. ಎರಡು ಕಂಬ ನೆಟ್ಟು ಸುಣ್ಣದಲ್ಲಿ ಗೆರೆ ಎಳೆದಿದ್ದರು. ಬರಿಗಾಲಲ್ಲಿ ಓಡುವ ಆಟ ಅದು. ಒಂದು ಚೂಪು ಕಲ್ಲು ಉಳಿದರೂ ಅಂಗಾಲು ಹರಿಯುತ್ತದೆ.

ನಿನ್ನೆ ಒಂದು ಕಾಲೇಜಿನ ಹುಡುಗರು ಬಸ್ಸಿನಲ್ಲಿ ಬಂದರಂತೆ. ವನಮಹೋತ್ಸವ. ಬ್ಯಾನರ್ ಕಟ್ಟಿದರು, ಭಾಷಣ ಆಯಿತು, ಮೂವತ್ತು ಗುಂಡಿ ತೋಡಿ ಹೊಂಗೆ, ಬೇವು, ನೇರಳೆ ಸಸಿ ನೆಟ್ಟರು. ಫೋಟೊ ತೆಗೆಸಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಹೊರಟುಹೋದರು. ಇವತ್ತು ಬೆಳಿಗ್ಗೆ ನಾನು ಹೋಗಿ ನೋಡಿದೆ. ಹನ್ನೊಂದು ಸಸಿ ಖೋ-ಖೋ ಅಂಕಣದ ಒಳಗಿವೆ. ಎರಡು ಸಸಿಯಂತೂ ಕಂಬದಿಂದ ಕಂಬಕ್ಕೆ ಹೋಗುವ ನಡುಗೆರೆಯ ಮೇಲೇ ಇವೆ.

ಗೆರೆ ಕಾಣಲಿಲ್ಲವಾ? ಬೆಳ್ಳಗೆ ಹೊಡೆದು ಕಾಣುತ್ತಿತ್ತು. ಕಂಬ ಕಾಣಲಿಲ್ಲವಾ? ಆ ಹುಡುಗಿಯರು ಅಲ್ಲೇ ಸಾಲಾಗಿ ನಿಂತಿದ್ದರು. ಚಪ್ಪಾಳೆ ತಟ್ಟಲು ನಿಲ್ಲಿಸಿದ್ದರಂತೆ. ಅವರಲ್ಲಿ ಒಬ್ಬಳನ್ನು ಕರೆದು "ಇದೇನಮ್ಮಾ, ಇಲ್ಲಿ ಏನಾಡ್ತೀರಿ?" ಅಂತ ಕೇಳಿದ್ದರೆ ಸಾಕಿತ್ತು. ಯಾರೂ ಕೇಳಲಿಲ್ಲ. "ನೀವಾದರೂ ಹೇಳಬಾರದಿತ್ತೇನೇ?" ಅಂದೆ ನಾನು. ಅಕ್ಕನ ಮಗಳು ಹೇಳಿದ್ದು ಇಷ್ಟೇ. "ದೊಡ್ಡೋರು ಬಂದಿದ್ರು ಚಿಕ್ಕಮ್ಮ. ನಮ್ಮ ಒಳ್ಳೇದಕ್ಕೇ ಮಾಡ್ತಿದ್ದೀವಿ ಅಂದ್ರು." ಆ ಮಾತು ಕೇಳಿ ನನಗೆ ಗಂಟಲು ಕಟ್ಟಿತು.

ಖೋ-ಖೋಗೆ ಸುಮಾರು 27 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗ ಬೇಕು. ಎಂಟು ಜನ ಸಾಲಾಗಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಬೂಟು ಬೇಡ, ಬ್ಯಾಟು ಬೇಡ, ದುಡ್ಡು ಬೇಡ. ಬೇಕಾದ್ದು ಸಮನಾದ ನೆಲ ಒಂದೇ. ಬಡ ಮಕ್ಕಳ ಆಟ ಅಂದರೆ ಇದೇ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದಾಗ ನಮ್ಮ ಹೆಣ್ಣುಮಕ್ಕಳೂ ಗೆದ್ದರು, ಗಂಡುಮಕ್ಕಳೂ ಗೆದ್ದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿ ಹುಡುಗಿ. ಅವತ್ತು ಅಕ್ಕನ ಮಗಳು ನನ್ನ ಫೋನ್ ಕಿತ್ತುಕೊಂಡು ಮ್ಯಾಚ್ ನೋಡಿದ್ದಳು. ಈಗ ಅವಳು ಓಡುವ ದಾರಿಯಲ್ಲಿ ಗುಂಡಿ.

ಇಷ್ಟು ಸಿಟ್ಟು ಯಾಕೆ ಅಂದರೆ, ನಾನೂ ಈ ತಪ್ಪು ಮಾಡಿದ್ದೇನೆ. ಇದುವರೆಗೂ ಎಲ್ಲೂ ಹೇಳಿಕೊಂಡಿಲ್ಲ. ಇವತ್ತು ಹೇಳಿಬಿಡುತ್ತೇನೆ.

ಹೋದ ವರ್ಷ ನಮ್ಮ ಕಾಲೇಜಿನ ಎನ್ಎಸ್ಎಸ್‌ನ, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯ, ಏಳು ದಿನದ ಶಿಬಿರ ಇತ್ತು. ಮೊದಲ ದಿನವೇ ಸ್ವಚ್ಛತೆ ಅಂತ ಊರೊಳಗೆ ಹೊರಟೆವು. ಒಂದು ಮನೆ ಹಿಂದೆ ದೊಡ್ಡ ತಿಪ್ಪೆ. ಹತ್ತು ಜನ ಸೇರಿ ಎರಡು ಗಂಟೆಯಲ್ಲಿ ಎಳೆದು, ಊರಾಚೆಯ ಹಳ್ಳಕ್ಕೆ ಸುರಿದು ಬಂದೆವು. ನಾನೇ ಮುಂದೆ ನಿಂತು ಮಾಡಿಸಿದ್ದು. ಸಂಜೆ ಆ ಮನೆಯ ಅಜ್ಜಿ ಹೊಲದಿಂದ ಬಂದರು. ಬೈಯಲಿಲ್ಲ. ಅಲ್ಲೇ ಜಗಲಿ ಮೇಲೆ ಕೂತುಬಿಟ್ಟರು. "ಅದು ಕಸ ಅಲ್ಲ ಕಣವ್ವಾ. ವರ್ಷದ ಗೊಬ್ಬರ. ಎರಡು ಹಸು ಕಟ್ಟಿ ಕೂಡಿಟ್ಟಿದ್ದು" ಅಂದರು. ರಾಗಿ ಹೊಲಕ್ಕೆ ಹೊಡೆಯಲು ಇಟ್ಟಿದ್ದ ಗೊಬ್ಬರ. ನಾನು ರೈತರ ಮನೆಯಲ್ಲೇ ಹುಟ್ಟಿದವಳು. ನನಗೆ ತಿಪ್ಪೆ ಅಂದರೆ ಏನು ಅಂತ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಶಿಬಿರದ ಟೋಪಿ ಹಾಕಿಕೊಂಡ ಮೇಲೆ ಕೇಳಬೇಕು ಅಂತಲೇ ಅನ್ನಿಸಲಿಲ್ಲ. ಮಾರನೇ ದಿನ ಹಳ್ಳದಿಂದ ಸಿಕ್ಕಷ್ಟು ವಾಪಸ್ ಹೊತ್ತು ತಂದೆವು. ಅರ್ಧವೂ ಸಿಗಲಿಲ್ಲ. ಆ ಅಜ್ಜಿ ನಮಗೆ ಮಜ್ಜಿಗೆ ಕೊಟ್ಟರು. ನನಗೆ ಕುಡಿಯಲು ಆಗಲಿಲ್ಲ.

ಅದೇ ಶಿಬಿರದ ನಾಲ್ಕನೇ ದಿನ ಕಟ್ಟೆ ಮೇಲೆ ಕೂತು ಹೆಂಗಸರನ್ನು ಕೇಳಿದೆವು, ನಾವು ಏನು ಮಾಡಿಕೊಡಬೇಕು ಅಂತ. ಗಿಡ ನೆಡಿ ಅಂತ ಒಬ್ಬರೂ ಹೇಳಲಿಲ್ಲ. ಗೋಡೆಗೆ ಬಣ್ಣ ಹೊಡೆಯಿರಿ ಅಂತಲೂ ಹೇಳಲಿಲ್ಲ. "ಪೆನ್ಶನ್ ಅರ್ಜಿ ಬರ್ಕೊಡ್ರವ್ವಾ" ಅಂದರು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆ ಇದೆ. ಆದರೆ ಒಬ್ಬರಿಗೆ ಆಧಾರ್‌ನಲ್ಲಿ ವಯಸ್ಸು ತಪ್ಪು, ಇನ್ನೊಬ್ಬರಿಗೆ ಪಾಸ್‌ಬುಕ್‌ನಲ್ಲಿ ಹೆಸರು ತಪ್ಪು. ನಾಡಕಚೇರಿಗೆ ಅಲೆದು ಅಲೆದು ಸುಮ್ನಾಗಿದ್ದರು. ನಾವು ಮೂವರು ಎರಡು ದಿನ ಬರೀ ಅರ್ಜಿ ಬರೆದೆವು, ಜೆರಾಕ್ಸ್ ಮಾಡಿಸಿದೆವು, ಜೊತೆಗೆ ಹೋಗಿ ಕ್ಯೂ ನಿಂತೆವು. ಒಂದೂ ಒಳ್ಳೆಯ ಫೋಟೊ ಬರಲಿಲ್ಲ. ಆ ಊರಿಂದ ಇವತ್ತಿಗೂ ನನಗೆ ಫೋನ್ ಬರುವುದು ಆ ಎರಡು ದಿನದ ಕೆಲಸದಿಂದ.

ಕೆಲವರು ಹೇಳುತ್ತಾರೆ, ಮಕ್ಕಳು ಮನೆಯಲ್ಲಿ ರೀಲ್ಸ್ ನೋಡುವ ಬದಲು ಗಿಡವನ್ನಾದರೂ ನೆಟ್ಟರಲ್ಲ, ಗಿಡ ನೆಟ್ಟವರನ್ನೂ ಬೈಯುತ್ತೀಯಾ ಅಂತ. ಗಿಡ ಬೇಡ ಅಂತ ನಾನು ಎಲ್ಲಿ ಹೇಳಿದೆ? ಅದೇ ಶಾಲೆಯ ಬೇಲಿ ಉದ್ದಕ್ಕೂ ಜಾಗ ಖಾಲಿ ಬಿದ್ದಿದೆ. ಇನ್ನೊಂದು ವಿಷಯ. ಜುಲೈ ಮೊದಲ ವಾರದ ವನಮಹೋತ್ಸವ 1950ರಿಂದ ನಡೆದುಬಂದಿದೆ, ಸರಿ. ಆದರೆ ಮಧುಗಿರಿ, ಪಾವಗಡ, ಶಿರಾ ಕಡೆ ಜಾಸ್ತಿ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿವರೆಗೆ ಈ ಮೂವತ್ತು ಸಸಿಗೆ ನೀರು ಹಾಕುವವರು ಯಾರು? ಅದೇ ಹುಡುಗಿಯರು, ಅದೇ ಬಿಂದಿಗೆಯಲ್ಲಿ. ಇದನ್ನೂ ಕೇಳಬೇಕಿತ್ತು ಅಲ್ವಾ?

ಎನ್ಎಸ್ಎಸ್‌ನಲ್ಲಿ ಸೇವೆಯ ಗಂಟೆ ಲೆಕ್ಕ ತುಂಬಿಸಬೇಕು, ಅದು ನನಗೂ ಗೊತ್ತು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ನಾನೂ ತುಂಬಿಸಿದ್ದೇನೆ. ಊರಿನವರ ಹತ್ತಿರ ಕೂತು ಕೇಳುವ ಒಂದು ಗಂಟೆಯನ್ನೂ ಆ ಲೆಕ್ಕದಲ್ಲೇ ಬರೆದುಕೊಳ್ಳಲಿ. ಯಾರು ಬೇಡ ಅನ್ನುತ್ತಾರೆ?

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಯಲ್ಲಿ ಎರಡು ವರ್ಷ ಬಡಿಸಲು ಹೋಗಿದ್ದೆ. ಮೊದಲ ಸಲ ಅವಸರದಲ್ಲಿ ಎಲ್ಲರಿಗೂ ಒಂದೇ ಸಮ ಅನ್ನ ಹಾಕಿಕೊಂಡು ಹೋಗುತ್ತಿದ್ದೆ. ಹಿಂದಿನಿಂದ ಸಾರು ತರುತ್ತಿದ್ದ ಹಿರಿಯರು ತಡೆದರು. "ಕೇಳಿ ಹಾಕಮ್ಮ. ಅವರ ಹೊಟ್ಟೆ ಅವರಿಗೆ ಗೊತ್ತು" ಅಂದರು. ಆಮೇಲೆ ಪ್ರತಿ ಎಲೆ ಮುಂದೆ ಬಗ್ಗಿ ಕೇಳಿದೆ. ಸೊಂಟ ಬಿದ್ದುಹೋಯಿತು. ಆದರೆ ಅನ್ನ ಚೆಲ್ಲಲಿಲ್ಲ. ಆ ತಿಪ್ಪೆಯ ದಿನ ಈ ಮಾತು ನನಗೆ ಯಾಕೆ ನೆನಪಾಗಲಿಲ್ಲವೋ.

ಎನ್ಎಸ್ಎಸ್ ಶುರುವಾಗಿದ್ದು 1969ರ ಸೆಪ್ಟೆಂಬರ್ 24ಕ್ಕೆ, ಗಾಂಧೀಜಿಯ ನೂರನೇ ವರ್ಷದಲ್ಲಿ. "ನನಗಲ್ಲ, ನಿನಗೆ" ಅಂತ ನಾವು ಪ್ರತಿ ಶಿಬಿರದಲ್ಲೂ ಗಟ್ಟಿಯಾಗಿ ಕೂಗುತ್ತೇವೆ. ನಿನಗೆ ಅಂದ ಮೇಲೆ ನಿನ್ನನ್ನು ಕೇಳಬೇಡವಾ?

ಇವತ್ತು ಹೆಡ್‌ಮಾಸ್ಟರ್ ಮನೆಗೆ ಹೋಗಿ ಮಾತಾಡಿ ಬಂದೆ. ಪಿಇಟಿ ಮೇಷ್ಟ್ರೂ ಒಪ್ಪಿದ್ದಾರೆ. ಹುಡುಗಿಯರನ್ನೂ ಕೇಳಿದೆ, ಸಸಿ ಎಲ್ಲಿಗೆ ಹೋಗಬೇಕು ಅಂತ. ಬೋರ್‌ವೆಲ್ ಪಕ್ಕದ ಬೇಲಿ ತೋರಿಸಿದರು, ನೀರು ಹೊರುವುದು ಹತ್ತಿರ ಆಗುತ್ತದೆ ಅಂತ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಹನ್ನೊಂದು ಸಸಿಯನ್ನೂ ಬೇರಿನ ಮಣ್ಣು ಉದುರದ ಹಾಗೆ ಎತ್ತಿ ಅಲ್ಲಿಗೆ ಕೊಂಡೊಯ್ಯುತ್ತೇವೆ. ಗುಂಡಿ ಮುಚ್ಚಿ, ನೀರು ಹಾಕಿ ತುಳಿಯಬೇಕು. ತುಮಕೂರಿನಿಂದ ಬರುವವರು ಇದ್ದರೆ ಮೆಸೇಜ್ ಹಾಕಿ. ಗುದ್ದಲಿ ಎರಡೇ ಇವೆ, ಇನ್ನೆರಡು ಬೇಕು. ಸುಣ್ಣ ಶಾಲೆಯಲ್ಲೇ ಇದೆ.