ಅಕ್ಯುಪಂಕ್ಚರ್‌ಗೆ ಹೊರಟ ದಿನ ಕವಳ ಹಾಕಬೇಡಿ

ಅಡಿಕೆ ಸುಗ್ಗಿ ಮುಗಿಯುವ ಹೊತ್ತಿಗೆ ಮಲೆನಾಡಿನಲ್ಲಿ ಸೊಂಟ, ಕುತ್ತಿಗೆ, ಮಂಡಿ ಹಿಡಿದುಕೊಂಡವರು ಮನೆಗೊಬ್ಬರು ಸಿಗುತ್ತಾರೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಬಗ್ಗಿ ಕೂತವರು, ತೋಟದ ದರೆ ಹತ್ತಿ ಇಳಿದವರು ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆಯುರಿ ಶುರುವಾದ ಮೇಲೆ ಯಾರೋ ಹೇಳಿದರು ಅಂತ ಶಿವಮೊಗ್ಗಕ್ಕೆ ಸೂಜಿ ಚಿಕಿತ್ಸೆಗೆ ಬರುತ್ತಾರೆ. ಬರಲಿ, ತಪ್ಪೇನಿಲ್ಲ. ಆದರೆ ಬಹಳಷ್ಟು ಜನ ಏನೂ ಕೇಳದೆ, ಏನೂ ಹೇಳದೆ ಮಂಚದ ಮೇಲೆ ಮಲಗಿಬಿಡುತ್ತಾರೆ. ಈ ಚಿಕಿತ್ಸೆಯಲ್ಲಿ ಆಗುವ ತೊಂದರೆಗಳಲ್ಲಿ ಹೆಚ್ಚಿನವನ್ನು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ತಪ್ಪಿಸಬಹುದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕವಳದ ವಿಷಯ. ಅಕ್ಯುಪಂಕ್ಚರ್ ಮಾಡುವವರು ನಾಲಿಗೆಯ ಬಣ್ಣ, ಅದರ ಮೇಲಿನ ಪದರ ನೋಡುತ್ತಾರೆ, ಎರಡೂ ಕೈಯ ನಾಡಿ ಹಿಡಿಯುತ್ತಾರೆ. ಎಲೆ ಅಡಿಕೆ ಹಾಕಿ ಹೋದರೆ ಕಾಣುವುದು ಸುಣ್ಣ ಅಡಿಕೆಯ ಕೆಂಪು ಮಾತ್ರ. ಕಾಫಿಯೂ ಕಲೆ ಬಿಡುತ್ತದೆ. ಆ ಬೆಳಿಗ್ಗೆ ನಾಲಿಗೆಯನ್ನು ಕೆರೆದು ಉಜ್ಜುವುದೂ ಬೇಡ. ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಬೇಡಿ. ಎಣ್ಣೆ ಮೈಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೂ ಸರಿಯಾಗಿ ಸ್ವಚ್ಛವಾಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಹೊಟ್ಟೆ. ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಬೆಳಗಿನ ಮೊದಲ ಬಸ್ಸು ಹತ್ತಿ ಖಾಲಿ ಹೊಟ್ಟೆಯಲ್ಲಿ ಬಂದವರು ಸೂಜಿ ಹಾಕಿದ ಕೆಲವೇ ನಿಮಿಷದಲ್ಲಿ ಬೆವತು, ಮುಖ ಬಿಳಿಚಿ, ತಲೆ ಸುತ್ತಿ ಬೀಳುವ ಸಾಧ್ಯತೆ ಹೆಚ್ಚು. ಒಂದೆರಡು ಗಂಟೆ ಮುಂಚೆ ಎರಡು ಅಕ್ಕಿ ರೊಟ್ಟಿಯೋ ಒಂದಿಷ್ಟು ಅವಲಕ್ಕಿಯೋ ತಿಂದಿರಬೇಕು. ಹೊಟ್ಟೆ ಬಿರಿಯುವಷ್ಟು ಉಂಡು ಬರುವುದೂ ಬೇಡ, ಬೋರಲು ಮಲಗುವುದು ಕಷ್ಟವಾಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರು ಊಟದ ಹೊತ್ತು ತಪ್ಪಿಸಲೇಬಾರದು. ಹಿಂದಿನ ರಾತ್ರಿ ಕುಡಿದಿದ್ದರೆ ಆ ದಿನ ಹೋಗದಿರುವುದೇ ಒಳ್ಳೆಯದು.

ಈಗ ಹೇಳಲೇಬೇಕಾದ ಸಂಗತಿಗಳು. ವಾರ್ಫರಿನ್, ಕ್ಲೋಪಿಡೊಗ್ರೆಲ್, ಆಸ್ಪಿರಿನ್ ಥರದ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಚೀಟಿಯನ್ನೇ ತೋರಿಸಿ. ಸೂಜಿಗೋಸ್ಕರ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಆಳಕ್ಕೆ ಚುಚ್ಚದೆ ಕೆಲಸ ನಡೆಸುವುದು ಅವರ ಜವಾಬ್ದಾರಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಸೂಜಿಗೆ ಕರೆಂಟ್ ಕೊಡುವ ಚಿಕಿತ್ಸೆ ಬೇಡವೇ ಬೇಡ. ಬಸುರಿಯಾಗಿದ್ದರೆ, ಆಗಿರಬಹುದು ಅನ್ನುವ ಅನುಮಾನವಿದ್ದರೂ ತಿಳಿಸಿ. ಹೆಬ್ಬೆರಳು ತೋರುಬೆರಳ ನಡುವಿನ ಜಾಗ, ಒಳ ಹರಡಿನಿಂದ ನಾಲ್ಕು ಬೆರಳು ಮೇಲಿನ ಜಾಗ ಇವನ್ನು ಬಸುರಿಯರಲ್ಲಿ ಸಂಪ್ರದಾಯವಾಗಿಯೇ ಬಿಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮಾಕ್ಸಾ ಬತ್ತಿಯ (ಒಣ ಸೊಪ್ಪನ್ನು ಸುತ್ತಿ ಉರಿಸುವ ಬತ್ತಿ) ಶಾಖ ಕೊಡಬಾರದು. ಸುಟ್ಟದ್ದೇ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದು ಹುಣ್ಣಾಗುತ್ತದೆ. ಮಳೆಗಾಲದಲ್ಲಿ ಉಂಬಳ ಕಚ್ಚಿ ಕೆರೆದು ಕೀವಾದ ಕಾಲಿದ್ದರೆ ಆ ಜಾಗಕ್ಕೆ ಸೂಜಿ ಹಾಕಿಸಿಕೊಳ್ಳಬೇಡಿ.

ಜ್ವರ ಇದ್ದರೆ ಹೋಗಲೇಬೇಡಿ. ಇದನ್ನು ಶಿವಮೊಗ್ಗ ಜಿಲ್ಲೆಯವರು ಬೇರೆಯವರಿಗಿಂತ ಗಟ್ಟಿಯಾಗಿ ನೆನಪಿಡಬೇಕು. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅಡಿಕೆ ಕೆಲಸ ಇನ್ನೂ ನಡೆಯುತ್ತಿರುವಾಗಲೇ ಅದರ ಕಾಲವೂ ಶುರುವಾಗುತ್ತದೆ. ಏಕಾಏಕಿ ಜ್ವರ, ತಡೆಯಲಾಗದ ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ನೋವು ಅದರ ಮೊದಲ ಲಕ್ಷಣ. ಕೆಲಸದ ಸುಸ್ತು ಅಂದುಕೊಂಡು ಸೂಜಿಗೆ ಮೈಯೊಡ್ಡಿದರೆ ಎರಡು ಅನಾಹುತ: ರೋಗ ಪತ್ತೆ ತಡವಾಗುತ್ತದೆ, ಪ್ಲೇಟ್‌ಲೆಟ್ ಇಳಿದಿರುವಾಗ ಚುಚ್ಚಿದಲ್ಲೆಲ್ಲ ರಕ್ತ ಒಸರುತ್ತದೆ. ಡೆಂಗಿಗೂ ಇದೇ ಮಾತು. ಕಾಡಿಗೆ, ತೋಟಕ್ಕೆ ಹೋಗಿ ಬಂದ ಮೇಲೆ ಜ್ವರದ ಜೊತೆ ಮೈನೋವು ಬಂದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಸೊಂಟ ನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಕಾಲು ಸೋತು ಎಳೆಯುವಂತಾದರೆ ಅದು ತುರ್ತು, ಆಗಲೂ ಆಸ್ಪತ್ರೆಯೇ.

ಯಾರ ಹತ್ತಿರ ಹೋಗಬೇಕು? ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಅಕ್ಯುಪಂಕ್ಚರನ್ನು ಒಂದು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಒಪ್ಪಿಕೊಂಡಿತು. ನಮ್ಮಲ್ಲಿ ಐದೂವರೆ ವರ್ಷದ ಬಿ.ಎನ್.ವೈ.ಎಸ್. ಓದಿದ ಪ್ರಕೃತಿ ಚಿಕಿತ್ಸಾ ವೈದ್ಯರಿಗೆ ಅದು ಪಾಠದಲ್ಲೇ ಇರುತ್ತದೆ. ಎಲ್ಲಿ ಕಲಿತಿರಿ, ಎಷ್ಟು ಕಾಲ ಕಲಿತಿರಿ ಅಂತ ಕೇಳುವುದರಲ್ಲಿ ಅವಮರ್ಯಾದೆ ಏನೂ ಇಲ್ಲ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು, ಅದರ ಮೇಲೆ ಅವಧಿ ಮುಗಿಯುವ ದಿನಾಂಕ ಇರಬೇಕು, ಬಳಸಿದ್ದು ತೂತು ಬೀಳದ ಗಟ್ಟಿ ಡಬ್ಬಿಗೆ ಹೋಗಬೇಕು. ಕುದಿಸಿ ಮತ್ತೆ ಬಳಸುತ್ತೇವೆ ಅಂದರೆ ಎದ್ದು ಬನ್ನಿ. ಹೆಪಟೈಟಿಸ್ ಬಿ ವೈರಸ್ ಕಣ್ಣಿಗೆ ಕಾಣದಷ್ಟು ರಕ್ತದಲ್ಲೂ ದಾಟುತ್ತದೆ.

ನೋವಿನ ಭಯ ಬೇಡ. ಇಂಜೆಕ್ಷನ್ನಿಗೆ ಬಳಸುವ 23 ಗೇಜಿನ ಸೂಜಿ ಸುಮಾರು 0.6 ಮಿ.ಮೀ. ದಪ್ಪ, ಒಳಗೆ ಟೊಳ್ಳು. ಅಕ್ಯುಪಂಕ್ಚರ್ ಸೂಜಿ ಸಾಮಾನ್ಯವಾಗಿ 0.25 ಮಿ.ಮೀ., ಗಟ್ಟಿ ತಂತಿ. ಚರ್ಮ ದಾಟುವಾಗ ಇರುವೆ ಕಚ್ಚಿದ ಹಾಗೆ, ಆಮೇಲೆ ಆ ಜಾಗ ಭಾರವಾದಂತೆ, ಮಂದವಾಗಿ ಸೆಳೆದಂತೆ ಅನ್ನಿಸುತ್ತದೆ. ಅದು ಸರಿ. ಚುರುಕ್ ಅಂದು ಉಳಿದರೆ, ಕರೆಂಟ್ ಹೊಡೆದ ಹಾಗೆ ಬೆರಳ ತುದಿಗೆ ಹರಿದರೆ ಕೂಡಲೇ ಹೇಳಿ, ನರಕ್ಕೆ ತಾಗಿರಬಹುದು. ಸಹಿಸಿಕೊಂಡರೆ ಹೆಚ್ಚು ಗುಣ ಅನ್ನುವುದು ಸುಳ್ಳು. ಸೂಜಿಗಳು ಇಪ್ಪತ್ತರಿಂದ ಮೂವತ್ತು ನಿಮಿಷ ಇರುತ್ತವೆ. ಆ ಹೊತ್ತಿನಲ್ಲಿ ಮಗ್ಗುಲು ಬದಲಿಸಬೇಡಿ, ಕೆಮ್ಮು ಬರುವ ಹಾಗಿದ್ದರೆ ಮೊದಲೇ ತಿಳಿಸಿ. ಬಾಯಿ ಒಣಗಿ, ಬೆವತು, ಕಿವಿ ಗುಂಯ್ ಅಂದರೆ ಸುಮ್ಮನಿರಬೇಡಿ. ಎಲ್ಲ ಸೂಜಿ ತೆಗೆದು ಕಾಲು ಎತ್ತರಿಸಿ ಮಲಗಿಸಿದರೆ ಕೆಲವು ನಿಮಿಷದಲ್ಲಿ ಸರಿಹೋಗುತ್ತದೆ. ಮೊದಲ ಸಲ ಕೂತು ಮಾಡಿಸಿಕೊಳ್ಳುವುದಕ್ಕಿಂತ ಮಲಗಿ ಮಾಡಿಸಿಕೊಳ್ಳುವುದೇ ಕ್ಷೇಮ. ಹಾಕಿದ ಸೂಜಿ, ತೆಗೆದ ಸೂಜಿ ಎಣಿಸಿ ಸರಿಹೊಂದಿಸಲು ಹೇಳಿ. ಕೂದಲಲ್ಲಿ, ಬೆನ್ನಿನಲ್ಲಿ ಒಂದೊಂದು ಉಳಿದುಬಿಡುವುದುಂಟು.

ಮುಗಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಕೂತು ನೀರು ಕುಡಿದು ಹೊರಡಿ. ಮಂಪರು ಬರುತ್ತದೆ, ಬೈಕ್ ಹತ್ತಿ ಘಾಟಿ ರಸ್ತೆಗೆ ಇಳಿಯಬೇಡಿ, ಜೊತೆಗೆ ಯಾರಾದರೂ ಇರಲಿ. ಸಂಜೆವರೆಗೆ ಹಂಡೆಯ ಬಿಸಿನೀರು ಸುರಿದುಕೊಳ್ಳುವುದು ಬೇಡ. ನೋವು ಇಳಿಯಿತು ಅಂತ ಅವತ್ತೇ ಅಡಿಕೆ ಮೂಟೆ ಎತ್ತುವವರಿದ್ದಾರೆ, ಮರುದಿನ ಎರಡರಷ್ಟು ನೋವು ತಂದುಕೊಳ್ಳುತ್ತಾರೆ. ಚುಚ್ಚಿದಲ್ಲಿ ಸಣ್ಣ ನೀಲಿಗಟ್ಟುವುದು, ಒಂದೆರಡು ದಿನ ಹಳೇ ನೋವೇ ಸ್ವಲ್ಪ ಹೆಚ್ಚಾಗುವುದು ಸಹಜ. ಕೆಂಪಾಗಿ ಬಿಸಿಯಾಗಿ ಊದಿದರೆ, ಕೀವಾದರೆ ಸಹಜವಲ್ಲ.

ಹೆಗಲು, ಮೇಲ್ಬೆನ್ನು, ಎದೆಗೆ ಸೂಜಿ ಹಾಕಿಸಿಕೊಂಡವರು ಮನೆ ಸೇರಿದ ಮೇಲೂ ಎಚ್ಚರವಿರಿ. ಅಲ್ಲಿ ಶ್ವಾಸಕೋಶ ಚರ್ಮದಿಂದ ಬಹಳ ದೂರವಿಲ್ಲ. ಅಪರೂಪಕ್ಕೆ ಸೂಜಿ ಅದಕ್ಕೆ ತಾಗಿ ಸುತ್ತ ಗಾಳಿ ಸೇರಿಕೊಳ್ಳುತ್ತದೆ, ಲಕ್ಷಣ ಕೆಲವು ಗಂಟೆ ತಡವಾಗಿ ಬರಬಹುದು. ಉಸಿರೆಳೆದರೆ ಒಂದು ಮಗ್ಗುಲು ಚುಚ್ಚುವುದು, ಏದುಸಿರು, ಒಣಕೆಮ್ಮು ಕಂಡರೆ ಗ್ಯಾಸ್ ಅಂತ ಕಷಾಯ ಕುಡಿಯುತ್ತ ಕೂರಬೇಡಿ. ರಾತ್ರಿಯಾದರೂ ಸರಿ, ಎಕ್ಸ್-ರೇ ಇರುವ ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೋ ಹೋಗಿ, ಸೂಜಿ ಎಲ್ಲಿ ಹಾಕಿದ್ದರು ಅನ್ನುವುದನ್ನು ಮರೆಯದೆ ಹೇಳಿ.

ಎಷ್ಟು ಸಿಟ್ಟಿಂಗ್? ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ ಮೈಗ್ರೇನ್ ತಡೆಯಲು ಕೆಲವು ಮಾತ್ರೆಗಳು ಆಗದಿದ್ದಾಗ ಐದರಿಂದ ಎಂಟು ವಾರದಲ್ಲಿ ಹತ್ತು ಸಲದವರೆಗೆ ಮಾಡಿಸಬಹುದು ಅಂತ 2012ರಲ್ಲಿ ಹೇಳಿತು. ಅದೇ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಇದನ್ನು ಕೊಡಬೇಡಿ ಅಂದಿತು. ನಿಜವಾದ ಸೂಜಿಗೂ ಹೋಲಿಕೆಗೋಸ್ಕರ ಹಾಕಿದಂತೆ ಮಾಡುವ ಹುಸಿ ಸೂಜಿಗೂ ಅಂತರ ಕಡಿಮೆ ಕಂಡದ್ದು ಅದಕ್ಕೊಂದು ಕಾರಣ. ಹಾಗಾಗಿ ಇಪ್ಪತ್ತು ಸಿಟ್ಟಿಂಗ್‌ಗೆ ಮುಂಗಡ ಕಟ್ಟಬೇಡಿ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಎಷ್ಟು ಹೊತ್ತು ಕೂರಲಾಗುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ ಅಂತ ಮೊದಲ ದಿನವೇ ಬರೆದಿಟ್ಟುಕೊಂಡು ಆರನೇ ಸಲಕ್ಕೆ ಹೋಲಿಸಿ. ಏನೂ ಬದಲಾಗದಿದ್ದರೆ ಅಲ್ಲಿಗೆ ನಿಲ್ಲಿಸಿ ಬೇರೆ ದಾರಿ ನೋಡಿ. ಬಿಪಿ, ಸಕ್ಕರೆ, ಥೈರಾಯ್ಡ್, ಫಿಟ್ಸ್ ಮಾತ್ರೆಗಳನ್ನು ಬಿಟ್ಟರೆ ಮಾತ್ರ ಸೂಜಿ ಕೆಲಸ ಮಾಡುತ್ತದೆ ಅನ್ನುವವರ ಬಳಿಗೆ ಎರಡನೇ ಸಲ ಹೋಗಬೇಡಿ.