ಬಾರದ ಬಡ್ಡಿಗೆ ಬಂದ ತೆರಿಗೆ

ದುಡ್ಡು ಕೈಗೆ ಬಂದ ದಿನ ಆದಾಯ, ಕೈಬಿಟ್ಟ ದಿನ ಖರ್ಚು ಎಂದು ನಂಬಿಕೊಂಡು ನೆಮ್ಮದಿಯಾಗಿರುವ ಕುಟುಂಬಕ್ಕೆ, ದುಡ್ಡು ಕೈಬದಲಾಗುವವರೆಗೆ ಕಾಯದೆ ಆದಾಯ, ಖರ್ಚು ಹುಟ್ಟಿದಾಗಲೇ ಬರೆದಿಡುವ ಅಕ್ರೂಯಲ್ ಪದ್ಧತಿಯನ್ನು ಯಾರೂ ಬೋಧಿಸಬಾರದು. ಲೆಕ್ಕಪರಿಶೋಧಕರ ಕಚೇರಿಯಲ್ಲಿ ದುಡಿಯುವ ನಾನಾದರೂ ನಮ್ಮ ದೊಡ್ಡಪ್ಪನವರು ಒತ್ತಾಯಿಸದಿದ್ದರೆ ಆ ಗೋಜಿಗೆ ಹೋಗುತ್ತಿರಲಿಲ್ಲ.

ಗಣಿತದ ಮೇಷ್ಟ್ರಾಗಿ ನಿವೃತ್ತರಾದ ಅವರು ಬ್ಯಾಂಕೊಂದರಲ್ಲಿ ಐದು ವರ್ಷದ ಠೇವಣಿ ಇಟ್ಟು, ಬಡ್ಡಿಯನ್ನು ಅಸಲಿನೊಂದಿಗೆ ಕೊನೆಗೇ ಕೊಡಿ ಎಂದು ಬರೆದುಕೊಟ್ಟಿದ್ದರು. ಮೊದಲ ವರ್ಷ ಮುಗಿಯುತ್ತಲೇ ಬಂದದ್ದು ಬಡ್ಡಿಯಲ್ಲ, ಬಡ್ಡಿಯ ಮೇಲೆ ಟಿಡಿಎಸ್, ಅಂದರೆ ಮೂಲದಲ್ಲೇ ಕಡಿಯುವ ತೆರಿಗೆ, ಹಿಡಿದಿದ್ದೇವೆ ಎಂಬ ಸಂದೇಶ. “ಇನ್ನೂ ಕರು ಹಾಕದ ಹಸುವಿನ ಹಾಲಿಗೂ ಸುಂಕವೇನಯ್ಯ?” ಎಂದು ಫೋನಿನಲ್ಲೇ ಗುಡುಗಿದರು. ಕಾಲ ಸರಿದಂತೆ ಬಡ್ಡಿ ದಿನದಿನವೂ ಹುಟ್ಟುತ್ತಲೇ ಇರುತ್ತದೆ, ಬ್ಯಾಂಕು ಅದನ್ನು ನಿಮ್ಮ ಹೆಸರಿಗೆ ಬರೆದಾಗಲೇ ತೆರಿಗೆ ಕಡಿಯಬೇಕಾಗುತ್ತದೆ, ಕೊಡುವುದು ಯಾವಾಗ ಎಂಬುದು ಬೇರೆಯದೇ ಪ್ರಶ್ನೆ ಎಂದು ನಾನು ವಿವರಿಸಿದೆ. “ಹುಟ್ಟಿದೆ ಎನ್ನುತ್ತೀಯ, ಮುಖ ತೋರಿಸು ಎಂದರೆ ಐದು ವರ್ಷ ಕಾಯಿ ಎನ್ನುತ್ತೀಯ” ಎಂದು ಅವರು ಫೋನ್ ಇಟ್ಟರು.

ಈ ಸಿಟ್ಟಿನಲ್ಲೇ ಅವರು ಸರ್ಕಾರಿ ಬಾಂಡಿನತ್ತ ಹೊರಳಿದರು. ಬಾಂಡಿನ ಕೂಪನ್ ಬಡ್ಡಿ ಆರು ತಿಂಗಳಿಗೊಮ್ಮೆ ಖಾತೆಗೇ ಬಂದು ಬೀಳುತ್ತದೆ, ಹುಟ್ಟು ಬೇರೆ, ಮುಖದರ್ಶನ ಬೇರೆ ಎಂಬ ತಕರಾರಿಲ್ಲ ಎಂಬುದು ಅವರ ಎಣಿಕೆಯಾಗಿತ್ತು. ಆದರೆ ಅವರು ಕೊಂಡದ್ದು ಬೇರೊಬ್ಬರು ಮಾರಿದ ಹಳೆಯ ಬಾಂಡು. ಲೆಕ್ಕ ಸುಲಭವಾಗಲೆಂದು ಮುಖಬೆಲೆ ಒಂದು ಲಕ್ಷ, ಬಡ್ಡಿ ಶೇಕಡಾ 7.2 ಎಂದುಕೊಳ್ಳೋಣ. ಹಿಂದಿನ ಕೂಪನ್ ಸಂದಾಯವಾಗಿ ಐದು ತಿಂಗಳು ಕಳೆದಿದ್ದರೆ, ಆ ಅವಧಿಯ 3,000 ರೂಪಾಯಿ ಮಾರುವವರ ಪಾಲಾಗಬೇಕು. ಬಾಂಡಿನ ಬೆಲೆ ಸರಿಯಾಗಿ ಮುಖಬೆಲೆಯಷ್ಟೇ ಇದ್ದರೂ ಕೊಳ್ಳುವವರು 1,03,000 ತೆರಬೇಕು. ಮುಂದಿನ ತಿಂಗಳು ಬರುವ 3,600ರಲ್ಲಿ ನಿಜವಾದ ಗಳಿಕೆ 600 ಮಾತ್ರ, ಉಳಿದದ್ದು ನಾವೇ ಕೊಟ್ಟದ್ದು ನಮಗೇ ಮರಳಿದ್ದು. ಕೂಪನ್ ಬಂದ ದಿನ ಮನೆಮಂದಿಗೆಲ್ಲ ಮೈಸೂರು ಪಾಕ್ ಹಂಚಿದ್ದ ದೊಡ್ಡಪ್ಪನವರಿಗೆ ಇದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಎರಡನೆಯ ತುಂಡು ತಿಂದು ಮುಗಿಸಿದ ಮೇಲೆಯೇ ಹೇಳಿದೆ.

ಅವರು ಕಾಗದ ಪೆನ್ನು ಹಿಡಿದು ತಾವೇ ಗುಣಿಸಿದರು. ವರ್ಷಕ್ಕೆ 365 ದಿನ ಹಿಡಿದ ಅವರ ಉತ್ತರ ಬಾಂಡು ಕೊಂಡ ಪಟ್ಟಿಯಲ್ಲಿದ್ದ ಬಡ್ಡಿಯ ಮೊತ್ತಕ್ಕೆ ಹೊಂದಲೇ ಇಲ್ಲ. ನಮ್ಮ ದೇಶದ ಇಂಥ ಸರ್ಕಾರಿ ಬಾಂಡುಗಳಿಗೆ ತಿಂಗಳಿಗೆ 30, ವರ್ಷಕ್ಕೆ 360 ದಿನಗಳ ಲೆಕ್ಕ. ಅಂದರೆ ಫೆಬ್ರವರಿಗೂ 30 ದಿನ, 31ನೇ ತಾರೀಖು ಎಂಬುದು ಇಲ್ಲವೇ ಇಲ್ಲ. “ಹಾಗಾದರೆ 31ರಂದು ಊಟ ಮಾಡುವವರ ಗತಿ?” ಎಂದು ದೊಡ್ಡಮ್ಮ ಅಡುಗೆಮನೆಯಿಂದಲೇ ಕೇಳಿದರು. ಹಾಲಿನವನು ಮಾತ್ರ ಮಾರ್ಚಿನಲ್ಲಿ 31 ದಿನವನ್ನೂ ಎಣಿಸುತ್ತಾನೆ.

ನನ್ನ ಬೋಧನೆಯ ನಿಜವಾದ ಫಲವನ್ನು ಉಂಡದ್ದು ನನ್ನ ಮನೆ. ಹಣ ಮುಂದಿನ ತಿಂಗಳು ಕೊಡುವ ಕರಾರಿನ ಮೇಲೆ ಹೆಂಡತಿ ಸೀರೆ ತಂದಾಗ, ಅಕ್ರೂಯಲ್ ಪ್ರಕಾರ ಇದು ಈ ತಿಂಗಳದೇ ಖರ್ಚು ಎಂದು ನಾನು ನೆನಪಿಸಿದೆ. ಅವಳು ಒಪ್ಪಿಕೊಂಡಳು. ಮುಂದಿನ ತಿಂಗಳು ಅಂಗಡಿಗೆ ದುಡ್ಡು ತೆರುವಾಗ ನಾನು ಗೊಣಗಿದರೆ, “ಇದು ಖರ್ಚಲ್ಲ, ಬಾಕಿ ತೀರಿಸುವುದು. ಖರ್ಚಿಗೆ ನೀವು ಹೋದ ತಿಂಗಳೇ ಗೊಣಗಿ ಆಗಿದೆ” ಎಂದಳು. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಮಗಳಂತೂ ತಿಂಗಳ ನಡುವೆ ಬಂದು, ಈ ತನಕ ಹುಟ್ಟಿರುವ ತನ್ನ ಅರ್ಧ ತಿಂಗಳ ಪಾಕೆಟ್ ಮನಿ ಕೇಳತೊಡಗಿದಳು. ಹುಟ್ಟಿರುವುದು ನಿಜ, ಕೊಡುವ ದಿನ ಬಂದಿಲ್ಲ ಎಂದು ಬ್ಯಾಂಕಿನ ಪರವಾಗಿ ಆಡಿದ್ದ ಮಾತನ್ನೇ ಆಡಿ ಪಾರಾದೆ.

ಇದರಲ್ಲಿ ನನಗೆ ಬಹಳ ರುಚಿಸುವ ಸಂಗತಿಯೊಂದಿದೆ. 2013ರ ಕಂಪನಿ ಕಾಯ್ದೆ ಪ್ರತಿಯೊಂದು ಕಂಪನಿಯೂ ಅಕ್ರೂಯಲ್ ಆಧಾರದ ಮೇಲೆಯೇ ಪುಸ್ತಕ ಬರೆಯಬೇಕೆಂದು ಕಟ್ಟಪ್ಪಣೆ ಮಾಡುತ್ತದೆ. ಆ ಕಾಯ್ದೆಯನ್ನು ಜಾರಿಗೊಳಿಸುವ ಕೇಂದ್ರ ಸರ್ಕಾರದ ಸ್ವಂತ ಲೆಕ್ಕ ಮಾತ್ರ ಬಹುಮಟ್ಟಿಗೆ ನಗದು ಪದ್ಧತಿಯಲ್ಲೇ ನಡೆಯುತ್ತದೆ, ಥೇಟ್ ನಮ್ಮ ದೊಡ್ಡಮ್ಮನ ಸಾಸಿವೆ ಡಬ್ಬಿಯ ಲೆಕ್ಕದಂತೆ. ಕರ್ನಾಟಕದ ಪುರಸಭೆಗಳನ್ನು ಈ ವಿಷಯದಲ್ಲಿ ಮೆಚ್ಚಬೇಕು, 2006ರ ಲೆಕ್ಕಪತ್ರ ನಿಯಮಗಳಿಂದ ಅವು ಅಕ್ರೂಯಲ್‌ಗೆ ಬಂದಿವೆ. ಹಾಗಾಗಿ ನಮ್ಮೂರಿನಲ್ಲಿ ಯಾರೋ ಇನ್ನೂ ಕಟ್ಟದ ಆಸ್ತಿ ತೆರಿಗೆಯೂ ಪುರಸಭೆಯ ಆದಾಯದ ಪಟ್ಟಿಯಲ್ಲಿ ಗಂಭೀರವಾಗಿ ಕುಳಿತಿರಬಹುದು.

ದೊಡ್ಡಪ್ಪನವರು ಈಗ ರಿಸರ್ವ್ ಬ್ಯಾಂಕಿನ ಫ್ಲೋಟಿಂಗ್ ರೇಟ್ (ಬಡ್ಡಿದರ ಕಾಲಕಾಲಕ್ಕೆ ಬದಲಾಗುವ) ಉಳಿತಾಯ ಬಾಂಡಿನ ಅಧ್ಯಯನದಲ್ಲಿ ತೊಡಗಿದ್ದಾರೆ. ಬಡ್ಡಿ ಜನವರಿ 1 ಮತ್ತು ಜುಲೈ 1ರಂದು ಕೈಗೇ ಬರುತ್ತದೆ, ಕೊನೆಗೆ ಒಟ್ಟಾಗಿ ಕೊಡುವ ಆಯ್ಕೆಯೇ ಇಲ್ಲ, ಬೇರೆಯವರಿಂದ ಕೊಳ್ಳುವಂತೆಯೂ ಇಲ್ಲ ಎಂಬುದು ಅವರಿಗೆ ಬಹಳ ಹಿಡಿಸಿದೆ. ಅವಧಿ ಏಳು ವರ್ಷವಾದರೂ 70 ದಾಟಿದವರು ಐದು ವರ್ಷಕ್ಕೆ, 80 ದಾಟಿದವರು ನಾಲ್ಕು ವರ್ಷಕ್ಕೆ ಹಣ ಹಿಂಪಡೆಯಬಹುದು ಎಂದು ಓದಿದ ಮೇಲೆ ಅರ್ಜಿಯನ್ನು ಮಡಿಸಿ ಇಟ್ಟಿದ್ದಾರೆ. ಅವರಿಗೀಗ 79. ವಯಸ್ಸೂ ದಿನದಿನವೂ ಕೂಡುತ್ತಲೇ ಇರುತ್ತದಲ್ಲ, 79 ವರ್ಷ 8 ತಿಂಗಳನ್ನು ಅಕ್ರೂಯಲ್ ಪ್ರಕಾರ ಎಷ್ಟೆಂದು ಹಿಡಿಯುತ್ತಾರೆ ಎಂದು ನನ್ನನ್ನು ಕೇಳಿದ್ದಾರೆ.