ವಾಗ್ದಾನ ಬೇಕು, ಅಪ್ಪಣೆ ಬೇಡವೇ?

ಪ್ರಿಯ ಸಹೋದರ ಸಹೋದರಿಯರೇ,

ನಮ್ಮ ಬೀದರ್, ಕಲಬುರಗಿ ಕಡೆಯ ಸಭೆಗಳಲ್ಲಿ ಕಾಯಿಲೆ ಬಿಟ್ಟರೆ ಜಾಸ್ತಿ ಕೇಳಿಬರುವ ಕೋರಿಕೆ ಒಂದೇ. "ಬ್ರದರ್, ದೇವರ ಚಿತ್ತ ತಿಳಿಯಬೇಕು, ಪ್ರಾರ್ಥನೆ ಮಾಡಿ." ಮಗಳಿಗೆ ಬಂದ ಸಂಬಂಧ ಒಪ್ಪಬೇಕೋ ಬೇಡವೋ. ಹೈದರಾಬಾದಿಗೆ ಕೆಲಸಕ್ಕೆ ಹೋಗಬೇಕೋ, ಊರಲ್ಲೇ ಇರಬೇಕೋ. ಕೇಳುವುದು ಒಳ್ಳೆಯದೇ. ಆದರೆ ದೇವರು ಆಗಲೇ ಬಿಡಿಸಿ ಹೇಳಿರುವ ಮಾತುಗಳಿವೆಯಲ್ಲ? "ಹೊಲದ ಜಗಳದಲ್ಲಿ ತಮ್ಮನ ಜೊತೆ ಮಾತು ಬಿಟ್ಟಿದ್ದೇನೆ, ಅವನ ಮನೆಗೆ ಹೋಗುವ ಶಕ್ತಿ ಬರಲಿ ಅಂತ ಪ್ರಾರ್ಥಿಸಿ" ಎಂದು ಎದ್ದು ನಿಂತು ಹೇಳುವವರು ಕಡಿಮೆ. ಸಂಬಂಧಕ್ಕೆ ಉಪವಾಸ ಪ್ರಾರ್ಥನೆ ಮಾಡಿದ ಮನೆಯವರೇ ವರದಕ್ಷಿಣೆ ಮಾತಿಗೆ ಕೂತಾಗ ದೇವರನ್ನು ಕೇಳುವುದಿಲ್ಲ.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆಂದು ಬೈಬಲ್ ವಚನ ಬರೆದ ವಾಗ್ದಾನ ಕಾರ್ಡ್ ತೆಗೆಯುತ್ತೇವೆ. ಯೆರೆಮೀಯ 29:11 ಬಂದರೆ ಖುಷಿಯೋ ಖುಷಿ. ನಮ್ಮ ವಿಷಯದಲ್ಲಿ ದೇವರ ಯೋಚನೆ ಕೇಡಿನದಲ್ಲ, ಒಳ್ಳೆಯದೇ ಎನ್ನುವ ವಚನ ಅದು. ನನಗೂ ತುಂಬಾ ಪ್ರೀತಿಯದು. ಆದರೆ ಅದೊಂದು ಪತ್ರದ ನಡುವಿನ ಸಾಲು. ಬಾಬಿಲೋನಿಗೆ ಸೆರೆ ಹೋದವರಿಗೆ ಯೆರೂಸಲೇಮಿನಿಂದ ಪ್ರವಾದಿ ಯೆರೆಮೀಯ ಬರೆದ ಪತ್ರ. ಅದರ ಹಿಂದಿನ ವಚನದಲ್ಲೇ, ಬಿಡುಗಡೆಗೆ 70 ವರ್ಷ ಕಾಯಬೇಕು ಎಂದಿದೆ. ಇನ್ನೂ ಸ್ವಲ್ಪ ಮೇಲೆ ಅಪ್ಪಣೆಗಳಿವೆ. ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳ ಮದುವೆ ಮಾಡಿರಿ. ನಿಮ್ಮನ್ನು ಸೆರೆ ಒಯ್ದ ಆ ಊರಿನ ಒಳಿತಿಗಾಗಿಯೇ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿರಿ. ಶತ್ರುವಿನ ಊರಿಗಾಗಿ! ಯೋಚಿಸಿ ನೋಡಿ, ಎಷ್ಟು ಕಷ್ಟದ ಮಾತು. ನಮಗೆ ಪಕ್ಕದ ಓಣಿಯ ಬೇರೆ ಧರ್ಮದವರಿಗಾಗಿ ಪ್ರಾರ್ಥಿಸುವುದಕ್ಕೇ ಬಾಯಿ ಬರುವುದಿಲ್ಲ.

ಅದಕ್ಕೂ ಮುಂಚಿನ 28ನೇ ಅಧ್ಯಾಯವನ್ನೂ ಓದಿ. ಎರಡೇ ವರ್ಷದಲ್ಲಿ ಬಿಡುಗಡೆ ಎಂದು ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ದೇವರ ಹೆಸರಿನಲ್ಲೇ ಹೇಳಿದ. ದೇವರು ಅವನನ್ನು ಕಳಿಸಿರಲಿಲ್ಲ. ಇವತ್ತು ಮೊಬೈಲ್ ತೆರೆದರೆ ಸಾಕು, "ಈ ತಿಂಗಳೇ ನಿನ್ನ ಬಾಗಿಲು ತೆರೆಯುತ್ತದೆ" ಎನ್ನುವ ಪ್ರವಾದನೆಗಳು ಸಾಲಾಗಿ ಬರುತ್ತವೆ. ಏನನ್ನೂ ಮಾಡು ಎನ್ನದ, ಏನನ್ನೂ ಬಿಡು ಎನ್ನದ ಪ್ರವಾದನೆಯನ್ನು ನಾನು ನಂಬುವುದಿಲ್ಲ. ದೇವರಿಗೆ ಮನಸ್ಸು ತೆರೆದಿಡುವುದು ಅಂದರೆ ಇಂಥವರೆಲ್ಲರಿಗೂ ತೆರೆದಿಡುವುದಲ್ಲ.

ನಮ್ಮಲ್ಲಿ ಮೆಥಡಿಸ್ಟ್ ಸಭೆಯವರು ಬಹಳ ಮಂದಿ. ಆ ಪಂಗಡಕ್ಕೆ ಮೂಲಪುರುಷರಾದ ಜಾನ್ ವೆಸ್ಲಿ 1755ರ ಆಗಸ್ಟ್ 11ರಂದು ಲಂಡನ್ನಿನಲ್ಲಿ, ದೇವರಿಗೆ ತಮ್ಮನ್ನು ಒಪ್ಪಿಸಿಕೊಡುವ ಒಡಂಬಡಿಕೆಯ ಆರಾಧನೆ ನಡೆಸಿದರು. ಈಗ ಹಲವು ಕಡೆ ಅದನ್ನು ಹೊಸ ವರ್ಷದಲ್ಲಿ ಮಾಡುತ್ತಾರೆ. ಅದರಲ್ಲಿ ಕೇಳಿಕೊಳ್ಳುವುದು ಸುಮಾರಾಗಿ ಹೀಗೆ: ನಾನು ಇನ್ನು ನನ್ನವನಲ್ಲ, ನಿನ್ನವನು. ಯಾವ ಕೆಲಸಕ್ಕಾದರೂ ಹಚ್ಚು, ಯಾರ ಸಾಲಿನಲ್ಲಾದರೂ ನಿಲ್ಲಿಸು. ಬೇಕಾದರೆ ಬಳಸಿಕೋ, ಬೇಡವಾದರೆ ಪಕ್ಕಕ್ಕಿಡು. ಸಭೆಯ ಕಮಿಟಿಯಲ್ಲಿ ವರ್ಷಗಟ್ಟಲೆ ಕೂತವರಿಗೆ ಈ "ಪಕ್ಕಕ್ಕಿಡು" ಎಷ್ಟು ಕಠಿಣ ಅಲ್ವಾ? "ಯಾರ ಸಾಲಿನಲ್ಲಾದರೂ" ಎಂಬುದು ಇನ್ನೂ ಕಠಿಣ. ಮದುವೆ ಮಾತು ಬಂದಾಗ ಜಾತಿ ಕೇಳುವವರು ನಮ್ಮ ನಡುವೆಯೇ ಇದ್ದಾರೆ.

ವಿಧೇಯತೆ ಅಂದರೆ ತಲೆ ತಗ್ಗಿಸಿ ಸುಮ್ನೆ ಇರುವುದೂ ಅಲ್ಲ. ದಮಸ್ಕದ ವಿಶ್ವಾಸಿ ಅನನೀಯನಿಗೆ ದೇವರು ಸೌಲನ ಬಳಿ ಹೋಗು ಎಂದಾಗ ಅವನು ತನ್ನ ಭಯ ಹೇಳಿಕೊಂಡ. ಸೌಲ ಭಕ್ತರನ್ನು ಹಿಡಿಯಲು ಬಂದವನು. ದೇವರು ಗದರಿಸಲಿಲ್ಲ, ಹೋಗು ಎಂದು ಮತ್ತೆ ಹೇಳಿದರು. ಅನನೀಯ ಹೋದ. ಒಳಗೆ ಹೋಗಿ, ಅವನ ಮೇಲೆ ಕೈಯಿಟ್ಟು, "ಸಹೋದರನಾದ ಸೌಲನೇ" ಎಂದು ಕರೆದ. ಭಯ ಹೇಳಿಕೊಳ್ಳಿ, ದೇವರೊಂದಿಗೆ ವಾದವನ್ನೂ ಮಾಡಿ. ಆಮೇಲೆ ಹೊರಡಿ.

ವರ್ಷದ ಕೊನೆಗೆ ನಮ್ಮ ಕಡೆ ತೊಗರಿ ರಾಶಿಯ ಕಾಲ. ಕೂಲಿಯವನ ಸಂಬಳವನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎನ್ನುತ್ತದೆ ಯಾಜಕಕಾಂಡ 19:13. ಕೊಯ್ದವರ ಹಿಡಿದಿಟ್ಟ ಕೂಲಿಯೇ ದೇವರಿಗೆ ಕೂಗಿ ಹೇಳುತ್ತದೆ ಎನ್ನುತ್ತಾನೆ ಹೊಸ ಒಡಂಬಡಿಕೆಯ ತನ್ನ ಪತ್ರದಲ್ಲಿ ಯಾಕೋಬ. ಹೊಲ ಇರುವ ವಿಶ್ವಾಸಿಗಳು ಇದಕ್ಕೆ ಬೇರೆ ದರ್ಶನ ಕಾಯಬೇಕಿಲ್ಲ. "ಮಾಲು ಮಾರಿದ ಮೇಲೆ ಕೊಡ್ತೀನಿ" ಎಂದು ಹೇಳಿದ್ದರೆ, ಹೇಗಾದರೂ ಹೊಂದಿಸಿ ಈ ವಾರವೇ ಕೊಟ್ಟುಬಿಡಿ. ಕೊಟ್ಟು ಬಂದು ಸಾಕ್ಷಿ ಹೇಳಿ, ಕೇಳಲು ನಾವಿದ್ದೇವೆ.